ಎಕ್ಸೆಲ್ ಯಜಮಾನರ ಮೊರೊಕ್ಕೊ ದಂಡಯಾತ್ರೆ

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತಲ ಶ್ವಾಬಿಯ ಸೀಮೆಯಲ್ಲಿ ನಿವೃತ್ತ ಎಂಜಿನಿಯರುಗಳ ಒಂದು ತಳಿಯೇ ಇದೆ. ಅಕ್ಟೋಬರ್ ಬಂತೆಂದರೆ ಇವರನ್ನು ದೂರದಿಂದಲೇ ಗುರುತಿಸಬಹುದು. ಮನೆ ಮುಂದೆ ಏಳು ಮೀಟರ್ ಉದ್ದದ ಬಿಳಿ ಮೋಟರ್‌ಹೋಮ್, ಅದರ ಪಕ್ಕ ಮಡಿಸುವ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್, ಲ್ಯಾಪ್‌ಟಾಪಿನ ಮುಂದೆ ಯಜಮಾನರು. ಹೆಂಡತಿ ಒಂದೊಂದೇ ಡಬ್ಬ ಒಳಗೆ ಸಾಗಿಸುತ್ತಾರೆ, ಇವರು ಒಂದೊಂದೇ ಡಬ್ಬದ ತೂಕವನ್ನು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಚಳಿಗಾಲ ಕಳೆಯಲು ಫ್ರಾನ್ಸ್, ಸ್ಪೇನ್ ದಾಟಿ ಮೊರೊಕ್ಕೊಗೆ ಹೊರಟವರು. ಇಲ್ಲಿ ನೆಲೆಸಿರುವ ನಾವು ನಾಲ್ಕಾರು ಕನ್ನಡದ ಮನೆಯವರು ನಮ್ಮ ಬೀದಿಯ ಇಂಥವರೊಬ್ಬರಿಗೆ ಇಟ್ಟಿರುವ ಹೆಸರು ಎಕ್ಸೆಲ್ ಯಜಮಾನರು.

ಶ್ವಾಬಿಯದವರ ಲೆಕ್ಕಾಚಾರ ಜರ್ಮನಿಗೆಲ್ಲ ಗಾದೆ. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಮಗುಚಿ ಬಿದ್ದಾಗ ಚಾನ್ಸಲರ್ ಅಂಗೆಲಾ ಮರ್ಕೆಲ್ ಸ್ಟುಟ್‌ಗಾರ್ಟ್‌ನಲ್ಲೇ ನಿಂತು, ಇದಕ್ಕೆ ಕಾರಣ ತಿಳಿಯಬೇಕಿದ್ದರೆ ಶ್ವಾಬಿಯದ ಗೃಹಿಣಿಯೊಬ್ಬಳನ್ನು ಕೇಳಿದ್ದರೆ ಸಾಕಿತ್ತು ಎಂಬರ್ಥದ ಮಾತಾಡಿದ್ದರು. ಯಜಮಾನರ ಪ್ರಕಾರ ಆ ಭಾಷಣದಲ್ಲಿ ಒಂದೇ ಕೊರತೆ. ಗೃಹಿಣಿಯ ಗಂಡನ ಪ್ರಸ್ತಾಪವಿರಲಿಲ್ಲ.

ಹಾಗಂತ ಇವರನ್ನು ಜಿಪುಣರೆಂದರೆ ನಾಲಿಗೆಗೆ ದೋಷ. ಜಿಪುಣ ಮನೆಯಿಂದ ಹೊರಡುವುದೇ ಇಲ್ಲ. ಇವರು ಎಂಬತ್ತು ಸಾವಿರ ಯೂರೋ ಎಣಿಸಿಕೊಟ್ಟು ಗಾಡಿ ತಂದವರು. ಅನಂತರ ಹನ್ನೆರಡು ಯೂರೋ ಕ್ಯಾಂಪಿಂಗ್ ಶುಲ್ಕ ತಪ್ಪಿಸಲು ನಲವತ್ತು ಕಿಲೋಮೀಟರ್ ಸುತ್ತುವವರು. ಆನೆ ಕೊಟ್ಟ ಮೇಲೆ ಅಡಿಕೆ ಉಳಿಸಿದ್ದೇವಲ್ಲ ಎಂಬ ತೃಪ್ತಿ ಅವರ ಮುಖದಲ್ಲಿ ಸದಾ ಹೊಳೆಯುತ್ತಿರುತ್ತದೆ. ಗಾಡಿಯ ಸವಕಳಿ ಯಾವ ಕಾಲಮ್ಮಿನಲ್ಲಿದೆ ಎಂದು ನಾನೊಮ್ಮೆ ಕೇಳಿದೆ. ವರ್ಷಕ್ಕೆ ಐದಾರು ಸಾವಿರ ಯೂರೋ ಬೆಲೆ ಇಳಿಯಿತೆಂದಿಟ್ಟುಕೊಂಡರೂ ತೊಂಬತ್ತು ರಾತ್ರಿಗೆ ಹಂಚಿದರೆ ರಾತ್ರಿಗೆ ಅರವತ್ತು ಯೂರೋ, ಅಂದರೆ ಸ್ಪೇನಿನಲ್ಲಿ ಬೆಳಗಿನ ತಿಂಡಿ ಸಮೇತ ಹೋಟೆಲ್ ಕೋಣೆಯೇ ಸಿಗುತ್ತದಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಅದು ಬಂಡವಾಳ. ಇದು ಖರ್ಚು," ಎಂದರು. ಆ ಕ್ಷಣಕ್ಕೆ ನನಗೆ ನಮ್ಮೂರಿನ ಸೊಸೈಟಿ ಬ್ಯಾಂಕಿನ ಆಡಿಟರು ನೆನಪಾದರು.

ಅವರ ಹಾಳೆಯಲ್ಲಿ ಮೊದಲ ಕಾಲಮ್ಮು ತೂಕದ್ದು. ಗಾಡಿ, ಗಂಡ, ಹೆಂಡತಿ, ಸಾಮಾನು ಎಲ್ಲ ಸೇರಿ 3,500 ಕಿಲೋ ಮೀರುವಂತಿಲ್ಲ. ಮೀರಿದರೆ ದಂಡ, ಲೈಸೆನ್ಸಿನ ತಕರಾರು, ಬೇರೆ ದರದ ಟೋಲು. ತೊಂಬತ್ತು ಲೀಟರ್ ಡೀಸೆಲ್ ಎಂದರೆ ಸುಮಾರು 75 ಕಿಲೋ, ನೂರು ಲೀಟರ್ ನೀರೆಂದರೆ ನೂರು ಕಿಲೋ. ಹೀಗಾಗಿ ಹೊರಡುವ ದಿನ ಹೆಂಡತಿಗೆ ಎರಡನೇ ಜೊತೆ ಬೂಟು ಬೇಕೋ ಹನ್ನೆರಡು ಡಬ್ಬ ಬೇಯಿಸಿದ ಮಸೂರ ಬೇಳೆ ಬೇಕೋ ಎಂಬ ಪ್ರಶ್ನೆ ಏಳುತ್ತದೆ. ಬೇಳೆ ಗೆಲ್ಲುತ್ತದೆ. ಊರಿನ ಡಿಸ್ಕೌಂಟ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಬಿಡಲಾದೀತೆ? ಅದೇ ಅಂಗಡಿಯ ಶಾಖೆ ಸ್ಪೇನಿನ ಊರೂರಲ್ಲೂ ಇದೆ ಎಂಬುದು ಬೇರೆ ಮಾತು. ನಗಬೇಡಿ, ಯುರೋಪ್ ಟೂರಿಗೆ ಬರುವ ನಮ್ಮವರ ಸೂಟ್‌ಕೇಸಿನಿಂದ ಹೊರಬರುವ ಪುಳಿಯೋಗರೆ ಗೊಜ್ಜನ್ನು ತೂಕಕ್ಕಿಟ್ಟವನು ನಾನು.

ಇನ್ನು ದಾರಿ. ಸ್ವಿಟ್ಜರ್ಲೆಂಡ್ ಸುಮಾರು ಎರಡು ತಾಸಿನ ದೂರದಲ್ಲಿದೆ. ಆದರೆ ಅಲ್ಲಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ ಕೊಳ್ಳಲೇಬೇಕು, ದಿನದ ಲೆಕ್ಕದ ಚೀಟಿ ಮಾರುವುದೇ ಇಲ್ಲ. ಮೂರು ತಾಸು ಓಡಿಸುವವನು ವರ್ಷದ ಬಾಡಿಗೆ ಕೊಡುವುದೇ? ಆದ್ದರಿಂದ ಯಜಮಾನರು ಆಲ್ಪ್ಸ್ ಪರ್ವತವನ್ನು ಇದುವರೆಗೆ ಗಡಿಯಾಚೆಯಿಂದಲೇ ಮೆಚ್ಚಿಕೊಂಡಿದ್ದಾರೆ.

ಫ್ರಾನ್ಸಿನ ಟೋಲುಗಳಲ್ಲಿ ಗಾಡಿಯ ಎತ್ತರ ಮೂರು ಮೀಟರ್ ಒಳಗಿದ್ದರೆ ಒಂದು ದರ, ಮೀರಿದರೆ ಮೇಲಿನ ದರ. ಇವರ ಗಾಡಿ 2.94. ಹೆಂಡತಿಯ ಧಾರಾವಾಹಿಗೆಂದು ಹಾಕಿಸಿದ್ದ ಡಿಶ್ ಅದನ್ನು 3.08ಕ್ಕೆ ಏರಿಸಿತೆಂದು ಕಿತ್ತಿಡಲಾಗಿದೆ. ತಮಾಷೆ ಏನೆಂದರೆ ಯಜಮಾನರು ಟೋಲಿನ ರಸ್ತೆಗೆ ಇಳಿಯುವುದೇ ಇಲ್ಲ. ಹಳೆಯ ಹೆದ್ದಾರಿಯಲ್ಲಿ, ಪ್ರತಿ ಹಳ್ಳಿಯ ವೃತ್ತ ಸುತ್ತಿ, ಪ್ರತಿ ಉಬ್ಬಿಗೆ ಗೇರು ಇಳಿಸಿ ಹೋಗುತ್ತಾರೆ. ಡಿಶ್ ಕಿತ್ತದ್ದು ತತ್ವಕ್ಕಾಗಿ. ಸ್ಪೇನಿನ ಮೆಡಿಟರೇನಿಯನ್ ಹೆದ್ದಾರಿಯ ಕೆಟಲೋನಿಯಾ ಭಾಗ 1 ಸೆಪ್ಟೆಂಬರ್ 2021ರಂದು ಟೋಲ್‌ಮುಕ್ತವಾಯಿತು. ಯಜಮಾನರಿಗೆ ಬಾಯಿಪಾಠವಿರುವ ಚಾರಿತ್ರಿಕ ದಿನಾಂಕ ಎರಡು. ಒಂದು ಬರ್ಲಿನ್ ಗೋಡೆ ಬಿದ್ದದ್ದು, ಇನ್ನೊಂದು ಇದು. ಎರಡನೆಯದನ್ನು ಹೇಳುವಾಗ ಗಂಟಲು ಕಟ್ಟುತ್ತದೆ.

ಪರಮ ಸಾಹಸವೆಂದರೆ ಅಂಡೋರಾ. ಪಿರನೀಸ್ ಬೆಟ್ಟದ ನೆತ್ತಿಯ ಈ ಪುಟ್ಟ ದೇಶದಲ್ಲಿ ತೆರಿಗೆ ಕಮ್ಮಿ, ಡೀಸೆಲ್ ಅಗ್ಗ. ಫ್ರಾನ್ಸಿನ ಕಡೆಯ ಗಡಿ ಊರು ಎರಡು ಸಾವಿರ ಮೀಟರ್ ಎತ್ತರದಲ್ಲಿದೆ. ಸಮುದ್ರದ ಬದಿಯಿಂದ ನೂರು ಕಿಲೋಮೀಟರಿಗೂ ಮೀರಿದ ಘಾಟಿಯನ್ನು ಮೂರೂವರೆ ಟನ್ನಿನ ಗಾಡಿ ಏದುಸಿರು ಬಿಡುತ್ತ ಹತ್ತಬೇಕು. ಲೀಟರಿಗೆ ಇಪ್ಪತ್ತು ಸೆಂಟ್ ಉಳಿದರೂ 90 ಲೀಟರಿಗೆ 18 ಯೂರೋ. ಹತ್ತಿ ಇಳಿಯುವಷ್ಟರಲ್ಲಿ ಅದಕ್ಕಿಂತ ಹೆಚ್ಚಿನ ಡೀಸೆಲ್ ಉರಿದಿರುತ್ತದೆ. ಇದನ್ನು ಹೆಂಡತಿ ಸೂಚಿಸಿದಾಗ ಯಜಮಾನರು ಹಾಳೆಯ ಸೆಲ್ಲು ತೋರಿಸಿದರು. ಉಳಿತಾಯ ಡೀಸೆಲ್ ಕಾಲಮ್ಮಿನಲ್ಲಿತ್ತು, ಘಾಟಿಯ ಖರ್ಚು 'ಪ್ರೇಕ್ಷಣೀಯ ಸ್ಥಳ' ಎಂಬ ಕಾಲಮ್ಮಿನಲ್ಲಿ.

ರಾತ್ರಿ ತಂಗುವುದೂ ಒಂದು ಶಾಸ್ತ್ರ. ಜರ್ಮನಿಯಲ್ಲಿ ದಣಿದ ಚಾಲಕ ಮತ್ತೆ ಗಾಡಿ ಓಡಿಸುವಷ್ಟು ಚೇತರಿಸಿಕೊಳ್ಳಲೆಂದು ರಸ್ತೆ ಬದಿ ಒಂದು ರಾತ್ರಿ ಮಲಗಬಹುದು. ಯಜಮಾನರು ದಿನಾ ಸಂಜೆ ಆರಕ್ಕೆ ಸರಿಯಾಗಿ ದಣಿಯುತ್ತಾರೆ. ಸ್ಪೇನಿನ ಸಂಚಾರ ನಿಯಮದ ದೃಷ್ಟಿಯಲ್ಲಿ ಚಕ್ರಗಳಷ್ಟೇ ನೆಲ ಮುಟ್ಟಿದ್ದರೆ ಅದು ಪಾರ್ಕಿಂಗ್. ನೆರಳುಚಾವಣಿ ಬಿಚ್ಚಿದಿರೋ, ಕುರ್ಚಿ ಹಾಕಿದಿರೋ, ಕ್ಯಾಂಪಿಂಗ್ ಆಯಿತು, ದಂಡ ಬಿತ್ತು. ಹೀಗಾಗಿ ಕಡಲ ದಂಡೆಗೆ ಹೋಗಿ ಗಂಡಹೆಂಡಿರು ಕಿಟಕಿ ಮುಚ್ಚಿಕೊಂಡು ಒಳಗೆ ಕೂತು ಬೇಳೆ ಬಿಸಿ ಮಾಡಿಕೊಳ್ಳುತ್ತಾರೆ. ಬಿಸಿಲಿಗೆ ಕೂರಲೆಂದೇ ಕೊಂಡ ಎರಡು ಕುರ್ಚಿಗಳು, ತಲಾ ನಾಲ್ಕು ಕಿಲೋ, ಎರಡು ಖಂಡ ಸುತ್ತಿಯೂ ಬಿಸಿಲು ಕಂಡಿಲ್ಲ.

ಜಿಬ್ರಾಲ್ಟರ್ ಜಲಸಂಧಿ ದಾಟಿದ ಮೇಲೆ ಲೆಕ್ಕ ತುಸು ಸಡಿಲಾಗುತ್ತದೆ. ಬೆಲೆ ಇಳಿದದ್ದು ಒಂದು ಕಾರಣ, ಅಲ್ಲಿನ ವ್ಯಾಪಾರಿಗಳು ಇನ್ನೊಂದು. ಒಂದು ಲೋಟ ಪುದೀನ ಚಹಾ ಕೈಗಿಟ್ಟು, ನಿಮ್ಮ ಊರಿನ ಫುಟ್‌ಬಾಲ್ ತಂಡದ ಕ್ಷೇಮ ವಿಚಾರಿಸಿ ಬೆಲೆ ಹೇಳುವವನ ಮುಂದೆ ಎಕ್ಸೆಲ್ ಏನು ಮಾಡೀತು? ಅದರಲ್ಲಿ ಚಹಾಕ್ಕೆ ಕಾಲಮ್ಮೇ ಇಲ್ಲ.

ಹೋದ ಚಳಿಗಾಲ ಅಟ್ಲಾಸ್ ಪರ್ವತದಾಚೆಯ ತಾಜ್ನಾಖ್ತ್‌ನಲ್ಲಿ, ಬರ್ಬರ್ ಹೆಂಗಸರ ಮಗ್ಗಗಳ ನಡುವೆ, ಯಜಮಾನಿ ಒಂದು ಕೆಂಪು ಉಣ್ಣೆಯ ಜಮಖಾನ ಕೊಂಡರು. 450 ಯೂರೋ, ಅವರದೇ ಪಿಂಚಣಿಯ ದುಡ್ಡು. ಯಜಮಾನರು ಬೆಲೆಯ ಬಗ್ಗೆ ಚಕಾರವೆತ್ತಲಿಲ್ಲ. ತೂಕ ಕೇಳಿದರು. ಹದಿನೆಂಟು ಕಿಲೋ. ಆ ಸಂಜೆ ಕ್ಯಾಂಪಿನ ಕಾವಲುಗಾರನಿಗೆ ಶ್ವಾಬಿಯದ ಮಸೂರ ಬೇಳೆಯ ಉಳಿದಿದ್ದ ಅಷ್ಟೂ ಡಬ್ಬ, ಎರಡೂ ಕುರ್ಚಿ ದಾನವಾಗಿ ಬಂದವು.

ಜಮಖಾನವನ್ನು ಯಾವ ಬಾಬ್ತಿಗೆ ಹಾಕುವುದೆಂದು ಅವರು ಮೂರು ದಿನ ಯೋಚಿಸಿದರಂತೆ. ಕೊನೆಗೆ 'ಶಾಖ ಸಂರಕ್ಷಣೆ' ಎಂದು ಹೊಸ ಸಾಲು ತೆರೆದರು. ನೆಲ ಬೆಚ್ಚಗಿದ್ದರೆ ಚಳಿಗಾಲಕ್ಕೆ 11 ಯೂರೋ ಗ್ಯಾಸು ಉಳಿಯುತ್ತದೆ, ಅಸಲು ಹುಟ್ಟಲು 41 ಚಳಿಗಾಲ ಬೇಕು. ಯಜಮಾನರಿಗೀಗ 68. ಮಾರ್ಚಿನಲ್ಲಿ ಹಿಂದಿರುಗಿದವರೇ ಈ ಲೆಕ್ಕವನ್ನು ನನಗೆ ತೋರಿಸಿದರು. ಪಕ್ಕದಲ್ಲಿ ಜಮಖಾನ ಕೊಡವುತ್ತಿದ್ದ ಯಜಮಾನಿ ತಲೆ ಎತ್ತದೆ ಅಂದರು, "ಮುಂದಿನ ವರ್ಷದ ಹಡಗಿನ ಟಿಕೆಟ್ ಈಗಲೇ ಮಾಡಿಸಿ. ಅಸಲು ಮುಳುಗಬಾರದು ನೋಡಿ."