ಐಪಿ ಬಹಿಷ್ಕಾರಾವಧಿ ಮೀಮಾಂಸೆ: ಒಂದು ತೌಲನಿಕ ಅಧ್ಯಯನ

ಪ್ರಸ್ತುತ ಸಂಪ್ರಬಂಧವು ಜಾಲತಾಣಗಳು ಐಪಿ ವಿಳಾಸಗಳಿಗೆ ವಿಧಿಸುವ ನಿಷೇಧದ ಕಾಲಮಿತಿಯನ್ನು ಬಹುಶಿಸ್ತೀಯ ನೆಲೆಯಲ್ಲಿ, ಅನುಸಂಧಾನಾತ್ಮಕ ವೈಧಾನಿಕತೆಯೊಂದಿಗೆ ಮುಖಾಮುಖಿಯಾಗಿಸುವ ಹವಣಿಕೆಯದು. (ಈ ವಾಕ್ಯ ನನಗೂ ಅರ್ಥವಾಗಿಲ್ಲ; ಮಾರ್ಗದರ್ಶಕರಿಗೆ ಆಗಿದೆಯಂತೆ.)

ಬಹಿಷ್ಕಾರಾವಧಿ ನಾಲ್ಕು ಬಗೆ: ಕ್ಷಣಭಂಗುರ, ಪಾಕ್ಷಿಕ, ಸಾಂವತ್ಸರಿಕ, ಆಚಂದ್ರಾರ್ಕ. ಕ್ಷಣಭಂಗುರವು ಪಾಸ್‌ವರ್ಡ್ ಮರೆತವರಿಗೆ. ಪಾಕ್ಷಿಕವು ಕಿಡಿಗೇಡಿಗಳಿಗೆ. ಸಾಂವತ್ಸರಿಕವು... ಬಿಡಿ, ನಿರ್ವಾಹಕರಿಗೆ ರುಚಿಸುವುದು ನಾಲ್ಕನೆಯದೇ. ಶಾಸನಗಳಲ್ಲಿ ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ದತ್ತಿ ಬಿಡುತ್ತಿದ್ದರು. ಇವರು ಶಾಪವನ್ನೇ ಹಾಗೆ ಬಿಡುತ್ತಾರೆ. ದತ್ತಿ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ನಿಷೇಧ ತೆಗೆದವನಿಗೂ ಅದೇ ತಟ್ಟೀತೆಂಬ ಭಯ ಇವರಿಗಿದ್ದಂತಿದೆ.

ಪೂರ್ವಪಕ್ಷ: ವಿಳಾಸವೆಂದರೆ ಮನುಷ್ಯ. ಸಿದ್ಧಾಂತ: ಅಲ್ಲ. ಐಪಿವಿ4ರಲ್ಲಿ ಇರುವುದೇ 429 ಕೋಟಿ ಚಿಲ್ಲರೆ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಮೊಬೈಲ್ ಕಂಪನಿಗಳು ಒಂದೊಂದು ವಿಳಾಸದ ಹಿಂದೆ ಊರಿಗೂರನ್ನೇ ಕೂರಿಸಿವೆ. ರೂಟರ್ ಆರಿಸಿ ಹಾಕಿದರೆ ನಿನ್ನೆ ನಮ್ಮದಾಗಿದ್ದ ವಿಳಾಸ ಇಂದು ಪಕ್ಕದ ಬೀದಿಯವರದಾಗಿರಬಹುದು. 2007ರ ಹೊಸವರ್ಷಕ್ಕೆ ವಿಕಿಪೀಡಿಯದವರು ಒಂದೇ ಒಂದು ವಿಳಾಸವನ್ನು ತಡೆದರು. ಕತಾರ್ ದೇಶ ಹೆಚ್ಚುಕಮ್ಮಿ ಪೂರ್ತಿ ಅದರ ಹಿಂದಿತ್ತು. ಅವರೇನೋ ಬೇಗನೆ ತೆಗೆದರು.

ತೌಲನಿಕ ಸಾಮಗ್ರಿ: ಸೂತಕ. ಹತ್ತಿರದ ದಾಯಾದಿಗೆ ಹತ್ತು ದಿನ, ದೂರದವರಿಗೆ ಮೂರು, ಇನ್ನೂ ದೂರದವರಿಗೆ ಒಂದು ಸ್ನಾನ. ನಮ್ಮೂರ ಪುರೋಹಿತರು ಬೆರಳಲ್ಲೇ ಎಣಿಸುವ ಈ ಲೆಕ್ಕ ಸರ್ವರ್ ಕೋಣೆಯನ್ನು ಇನ್ನೂ ಮುಟ್ಟಿಲ್ಲ.

ಸಾಕು ಮೀಮಾಂಸೆ. ನನ್ನ ತಂಗಿಯ ಮಗಳು ಹಾಸ್ಟೆಲಿನ ವೈಫೈಯಲ್ಲಿ ಕೆಲಸದ ಅರ್ಜಿ ತುಂಬಲು ಕೂತಳು. ಅದೇ ವೈಫೈಯಿಂದ ಯಾರೋ, ಯಾವಾಗಲೋ, ಏನೋ ಮಾಡಿದ್ದರು. "ನಿಮ್ಮನ್ನು ನಿಷೇಧಿಸಲಾಗಿದೆ" ಎಂದಿತು ಪರದೆ. ಏಕೆಂದಿಲ್ಲ, ಎಲ್ಲಿಯವರೆಗೆಂದಿಲ್ಲ. "ಮಾವ, ನಾನೇನು ಮಾಡ್ದೆ?" ಎಂದು ಫೋನಿನಲ್ಲಿ ಅತ್ತಳು. ಅರ್ಜಿಗೆ ಕೊನೆಯ ದಿನಾಂಕವಿತ್ತು, ನಿಷೇಧಕ್ಕಿರಲಿಲ್ಲ.

ಸ್ವಾಮಿ ನಿರ್ವಾಹಕರೇ, ಫೇಲ್‌ಟುಬ್ಯಾನ್ ಎಂಬ ಪುಕ್ಕಟೆ ತಂತ್ರಾಂಶವಿದೆ. ನೀವೇನೂ ಹೇಳದಿದ್ದರೆ ಅದು ಹಾಕುವ ನಿಷೇಧ 10 ನಿಮಿಷದ್ದು. ಮತ್ತೆ ಮತ್ತೆ ತಪ್ಪಿದವರಿಗೆ ಅವಧಿ ಹಿಗ್ಗಿಸುವ ಏರ್ಪಾಡೂ ಅದರಲ್ಲಿದೆ. ನಿಮ್ಮೆದುರು ಅವಧಿಯ ಖಾನೆ ಖಾಲಿ ಬಿದ್ದಿದೆ. ದಯವಿಟ್ಟು ಅಲ್ಲೊಂದು ಅಂಕಿ ಬರೆಯಿರಿ.