ಶಾಂತಲೆಯ ಕಾಲು

2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತು. ನಾವಿರುವ ಕ್ಯಾಲಿಫೋರ್ನಿಯಾದಲ್ಲಂತೂ ಇನ್ನೂ ಜಾಸ್ತಿ. ಹಕ್ಕಿಜ್ವರಕ್ಕೆ ಕೋಟಿಗಟ್ಟಲೆ ಕೋಳಿ ಹೋಗಿದ್ದವು. "ಹಿತ್ತಲು ಸುಮ್ಮನೆ ಬಿದ್ದಿದೆ, ನಾವೇ ಸಾಕೋಣ" ಎಂದರು ಯಜಮಾನರು. ಅರಸೀಕೆರೆಯ ಅವರ ಮನೆಯವರು ತೆಂಗಿನಮರ ಬಿಟ್ಟು ಬೇರೇನೂ ಸಾಕಿದವರಲ್ಲ. ಇವರು ಮೊಟ್ಟೆಯ ರುಚಿ ಕಂಡದ್ದೇ ಬೇಲೂರಿನವಳಾದ ನನ್ನನ್ನು ಕಟ್ಟಿಕೊಂಡ ಮೇಲೆ.

ಇಲ್ಲಿ ಎಷ್ಟೋ ಊರುಗಳಲ್ಲಿ ಹುಂಜಕ್ಕೆ ಪ್ರವೇಶವಿಲ್ಲ, ಕೂಗುತ್ತದಲ್ಲ. ಹಾಗಾಗಿ ಬರೀ ಹ್ಯಾಟೆಗಳು ಬಂದವು. ಹಿಂದಿನ ರಜೆಯಲ್ಲಿ ಬೇಲೂರು ಗುಡಿ ಸುತ್ತಿ ಬಂದಿದ್ದ ಮಗಳು ನಾಮಕರಣ ಮಾಡಿದಳು: ಶಾಂತಲೆ, ದರ್ಪಣಸುಂದರಿ, ಎಲ್ಸಾ.

ಒಂದು ಸಂಜೆ ಶಾಂತಲೆ ಸೊಂಟ ಓರೆ ಮಾಡಿ, ಕತ್ತು ವಾಲಿಸಿ, ಒಂಟಿಕಾಲಲ್ಲಿ ನಿಂತಿದ್ದಳು. ಯಜಮಾನರು ಫೋಟೊ ಹೊಡೆದು "ನಮ್ಮನೆ ಶಿಲಾಬಾಲಿಕೆ" ಅಂತ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ತ್ರಿಭಂಗಿಗೆ ಮೆಚ್ಚುಗೆ ಸುರಿಯಿತು. ಹಳೇಬೀಡಿನ ನನ್ನ ಸೋದರಮಾವ ಮಾತ್ರ ಫೋನ್ ಮಾಡಿದರು: "ಏನವ್ವಾ, ಕೋಳಿ ಕುಂಟ್ತಾ ಐತೆ, ನಾಟ್ಯ ಅಂತೀರಲ್ಲ! ಅಂಗಾಲು ಎತ್ತಿ ನೋಡ್ರಿ."

ಎತ್ತಿ ನೋಡಿದರೆ ಅಂಗಾಲು ಊದಿತ್ತು, ನಟ್ಟನಡುವೆ ಮೆಣಸಿನಕಾಳಿನಷ್ಟು ಕಪ್ಪು ಹಕ್ಕಳೆ. ಇಲ್ಲಿನವರು ಇದನ್ನು ಬಂಬಲ್‌ಫುಟ್ ಅನ್ನುತ್ತಾರೆ. ಎತ್ತರದಿಂದ ಧೊಪ್ಪನೆ ಧುಮುಕಿ ಅಂಗಾಲು ತರಚಿಕೊಂಡ ಕೋಳಿ ಒದ್ದೆ ಗೂಡಿನಲ್ಲಿ ನಿಂತರೆ, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಕೀವು ಕಟ್ಟಿಸುತ್ತದೆ. ಮೈ ಬಂದ ಕೋಳಿಗೆ ಇನ್ನೂ ಬೇಗ. ಮಿಕ್ಕ ಅಕ್ಕಿರೊಟ್ಟಿಯೆಲ್ಲ ಶಾಂತಲೆಗೇ ಹೋಗುತ್ತಿತ್ತು.

ಅಲ್ಲಿಂದ ಇಡೀ ಹಾಸನ ಜಿಲ್ಲೆ ಚಿಕಿತ್ಸೆಗೆ ಇಳಿಯಿತು. ನಮ್ಮಲ್ಲಿಗೆ ಬಂದಿದ್ದ ಅತ್ತೆ ಸೂಟ್‌ಕೇಸಿನಿಂದ ಕೊಬ್ಬರಿ ಎಣ್ಣೆ ತೆಗೆದರು. ತಲೆನೋವಿನಿಂದ ವೀಸಾ ಸಂದರ್ಶನದವರೆಗೆ ಅವರಲ್ಲಿ ಅದೊಂದೇ ಮದ್ದು. ಬೇಲೂರಿನಿಂದ ಅಮ್ಮ ಅರಿಸಿನ, ಬೇವು ಎಂದರು. ಹಳೇಬೀಡಿನ ಚೀಟಿ ಹೀಗಿತ್ತು: "ಶುಂಠಿ, ಬೆಳ್ಳುಳ್ಳಿ, ಧನಿಯ, ಅರ್ಧ ಹೋಳು ಕಾಯಿ..."

"ಮಾವ, ಅದು ಸಾರಿಗೆ!"

"ಮತ್ತೆ? ಕುಂಟೋ ಕೋಳಿಗೆ ನಮ್ಮೂರಲ್ಲಿ ಅದೇ ಔಷಧಿ."

ಮಗಳು ಆ ರಾತ್ರಿ ಊಟ ಬಿಟ್ಟಳು.

ಕೊನೆಗೆ ಗೆದ್ದದ್ದು ಉಗುರುಬೆಚ್ಚಗಿನ ನೀರು ಮತ್ತು ಎಪ್ಸಮ್ ಉಪ್ಪು. ಟವೆಲಿನಲ್ಲಿ ಸುತ್ತಿ ಕಣ್ಣು ಮುಚ್ಚಿದರೆ ಕೋಳಿ ತೆಪ್ಪಗಿರುತ್ತದೆ. ಮೊಟ್ಟೆ ಬೆಂದ ಪಾತ್ರೆಯನ್ನೂ ಮುಟ್ಟದ ಅತ್ತೆಯ ಮಡಿಲಲ್ಲಿ ಶಾಂತಲೆ ಕೂತಳು. ಹತ್ತು ಹದಿನೈದು ನಿಮಿಷ ಕಾಲು ನೆನೆಸಿ, ಒರೆಸಿ, ಬೀಟಾಡಿನ್ ಹಚ್ಚಿ, ಬ್ಯಾಂಡೇಜು ಸುತ್ತಿದೆವು. "ಬಿಸಿ ಜಾಸ್ತಿ ಆಯ್ತೇನೆ ತಾಯಿ?" ಎಂದು ಅತ್ತೆ ಕೇಳಿದರು, ಕೋಳಿಯನ್ನು. ನನ್ನ ಬಾಣಂತನದಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದ ನೆನಪಿಲ್ಲ.

ಒಳಗಿನ ಗಟ್ಟಿ ಕೀವು ಮಾತ್ರ ಜಗ್ಗಲಿಲ್ಲ. ಯಜಮಾನರು ಯೂಟ್ಯೂಬ್ ನೋಡಿಕೊಂಡು ಬ್ಲೇಡು ಹಿಡಿದು ಬಂದರು. ಅತ್ತೆ ಕಸಿದುಕೊಂಡರು: "ನಿನ್ನ ಉಗುರು ನೀನು ನೆಟ್ಟಗೆ ಕತ್ತರಿಸಿಕೊ ಮೊದಲು." ಪಶುವೈದ್ಯರ ಬಳಿಗೇ ಹೋಗಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅವರ ಚೀಟಿಯಿಲ್ಲದೆ ಕೋಳಿಯ ಇಂಥ ಸೋಂಕಿಗೆ ಆಂಟಿಬಯಾಟಿಕ್ ಸಿಗುವುದಿಲ್ಲ. ಕೀವು ತೆಗೆದು, ಔಷಧಿ ಬರೆದು, "ನಾನು ಹೇಳುವ ತನಕ ಇದರ ಮೊಟ್ಟೆ ತಿನ್ನಬೇಡಿ" ಎಂದರು. ಫೀಸು ಕೇಳಿ ಹಳೇಬೀಡಿನಲ್ಲಿ ಗಳಿಗೆ ಹೊತ್ತು ಮೌನ. "ಎರಡು ಕುರಿ ಬರ್ತಿತ್ತಲ್ಲವ್ವಾ!"

ಕೋಳಿ ಸಾಕುವ ಹೊರನಾಡ ಬಂಧುಗಳೇ, ಕೋಳಿ ಕೂರುವ ಪಟ್ಟಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಗೂಡು ಒಣಗಿರಲಿ, ಆಗಾಗ ಅಂಗಾಲು ನೋಡಿ. ಮುಟ್ಟುವಾಗ ಗವಸು ಹಾಕಿ, ಆ ಬ್ಯಾಕ್ಟೀರಿಯಾ ನಮಗೂ ಅಂಟುತ್ತದೆ. ಬಾವು ಹೆಚ್ಚಿದರೆ ಬ್ಲೇಡು ಹಿಡಿಯದೆ ಡಾಕ್ಟರ ಹತ್ತಿರ ಹೋಗಿ. ಬರೀ ಮೊಟ್ಟೆ ಬೇಕಿದ್ದರೆ ಅಂಗಡಿಗೆ ಹೋಗಿ. ಈಗ ಬೆಲೆ ಇಳಿದಿದೆ.