ನಾಪತ್ತೆಯಾಗಿರುವ ಆರು ಪೈಸೆಯವರಿಗೊಂದು ಬಹಿರಂಗ ಪತ್ರ

ಮ.ರಾ.ಶ್ರೀ ಆರು ಪೈಸೆಯವರಿಗೆ ನಮ್ಮೂರ ಸಾರ್ವಜನಿಕ ಗ್ರಂಥಾಲಯದ ಸ್ವಯಂಸೇವಕನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ ಎಂದು ಬರೆಯುವುದು ರೂಢಿ. ಆದರೆ ತಾವು ಎಲ್ಲಿದ್ದೀರಿ ಎಂಬುದೇ ತಿಳಿಯದ ಮೇಲೆ ಕುಶಲ ವಿಚಾರಿಸುವುದು ಹೇಗೆ? ವಿಳಾಸ ಸಿಗದ್ದರಿಂದಲೇ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು. ಯಾವ ಖಾತೆಯಲ್ಲಿ, ಯಾವ ಲೆಕ್ಕಶೀರ್ಷಿಕೆಯ ಅಡಿ ಮಲಗಿದ್ದೀರೋ, ಎದ್ದು ಓದಿಕೊಳ್ಳಿ.

ಎಲ್ಲರಿಗೂ ತಮ್ಮ ಪರಿಚಯ ಇರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ತಾವು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮನೆತನದವರು. ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದಾಗಲೇ ಆ ಮನೆ ಕಟ್ಟಿದ್ದು. ಮನೆ ಕಂದಾಯ ಕಟ್ಟುವವರು ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನೂ ಕೊಡಬೇಕು, ಊರಿನ ಸಂಸ್ಥೆ ಅದನ್ನು ವಸೂಲು ಮಾಡಿ ಗ್ರಂಥಾಲಯದವರಿಗೆ ಮುಟ್ಟಿಸಬೇಕು. ಇಷ್ಟೇ ತಮ್ಮ ಜಾತಕ. ನಾಣ್ಯದ ರೂಪದಲ್ಲಿ ತಾವು ಟಂಕಸಾಲೆಯ ಮುಖ ಕಂಡವರಲ್ಲ. ಆರು ಪೈಸೆಯ ನಾಣ್ಯ ಈ ದೇಶದಲ್ಲಿ ಇರಲೇ ಇಲ್ಲ. ಹಿಂದೆ ಇದ್ದ ಅಲ್ಯೂಮಿನಿಯಂನ ಮೂರು ಪೈಸೆ ಎರಡು ಸೇರಿಸಿದರೆ ತಮ್ಮ ದರ್ಶನವಾಗುತ್ತಿತ್ತು. 2011ರ ಜೂನ್ ಕಳೆಯುವಷ್ಟರಲ್ಲಿ ನಾಲ್ಕಾಣೆಯೂ ಅದಕ್ಕಿಂತ ಕೆಳಗಿನ ಚಿಲ್ಲರೆಯೂ ಚಲಾವಣೆ ಕಳೆದುಕೊಂಡವು. ನನ್ನ ಕಂದಾಯದ ರಸೀದಿಯಲ್ಲಿ ಮಾತ್ರ ತಾವು ಚಿರಂಜೀವಿ.

ಆ ರಸೀದಿಯಲ್ಲಿ ತಮ್ಮ ಅಕ್ಕಪಕ್ಕದವರನ್ನೂ ನೋಡಿದ್ದೇನೆ. ಮೇಲೆ ಆರೋಗ್ಯ ಕರ, ಅವರು ಹದಿನೈದು ಪೈಸೆಯ ಧಣಿ. ಕೆಳಗೆ ಭಿಕ್ಷುಕರ ಕರ, ಮೂರು ಪೈಸೆ. ನಡುವೆ ತಾವು. ಮೇಲಿನವರ ಆರೋಗ್ಯ ತಮಗೆ ತಗುಲಲಿಲ್ಲ, ಕೆಳಗಿನವರ ಸಹವಾಸ ಮಾತ್ರ ಚೆನ್ನಾಗಿ ಹತ್ತಿತು. ಯಾಕೆಂದರೆ ತಮ್ಮ ಹೆಸರು ಹೇಳಿಕೊಂಡು ಊರ ತುಂಬ ಕೈಚಾಚಿ ತಿರುಗುತ್ತಿರುವವರು ನಾವು.

2,000 ರೂಪಾಯಿ ಕಂದಾಯದ ಮನೆಯಿಂದ ತಾವು 120 ರೂಪಾಯಿಯಾಗಿ ಹೊರಡುತ್ತೀರಿ. ಪುರಸಭೆಯ ಕೌಂಟರಿನವರೆಗೆ ಕ್ಷೇಮವಾಗಿ ತಲುಪಿದ್ದಕ್ಕೆ ನನ್ನ ಹತ್ತಿರ ಸೀಲು ಬಿದ್ದ ಕಾಗದವಿದೆ. ಅಲ್ಲಿಂದ ಗ್ರಂಥಾಲಯಕ್ಕೆ ಒಂದು ಬೀಡಿ ಮುಗಿಯುವಷ್ಟು ದಾರಿ. ಆ ದಾರಿಯಲ್ಲಿ ತಮಗೆ ಏನಾಯಿತು ಎಂಬುದೇ ಊರಿನ ದೊಡ್ಡ ಪತ್ತೇದಾರಿ ಕಾದಂಬರಿ. ಬೀದಿದೀಪದ ಬಿಲ್ಲಿನಲ್ಲಿ ಕಂಡೆ ಎಂದು ಒಬ್ಬರು. ಚರಂಡಿ ಹೂಳೆತ್ತುವ ಲೆಕ್ಕದಲ್ಲಿ ಕಂಡೆ ಎಂದು ಇನ್ನೊಬ್ಬರು. ಕೇಳಿದರೆ ಕೌಂಟರಿನವರು 'ಹಂತ ಹಂತವಾಗಿ ಪಾವತಿಸಲಾಗುವುದು' ಎನ್ನುತ್ತಾರೆ. ಹಂತ ಕಾಣಿಸುತ್ತದೆ, ಪಾವತಿ ಕಾಣಿಸುವುದಿಲ್ಲ.

ರಾಜಧಾನಿಯಲ್ಲಿರುವ ತಮ್ಮ ನೆಂಟರದೂ ಇದೇ ಕಥೆಯಂತೆ. ಬೆಂಗಳೂರಿನ ಪಾಲಿಕೆ ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಆ ಪತ್ರಿಕೆಗಳನ್ನು ನಾವು ಓದಿದ್ದು ನಮ್ಮ ಗ್ರಂಥಾಲಯದಲ್ಲೇ. ಆಮೇಲೆ ಪೇಪರಿನ ಬಿಲ್ಲೇ ಬಾಕಿಯಾಗಿ ಏಜೆಂಟರು ಎರಡು ಪತ್ರಿಕೆ ನಿಲ್ಲಿಸಿದರು. ಹಾಗಾಗಿ ಈಗ ಬಾಕಿಯ ಸುದ್ದಿಯ ಬಾಧೆಯೂ ಇಲ್ಲ.

ತಾವು ಬಾರದ್ದರಿಂದ ನಾವು ಬಂದೆವು. ನಾವೆಂದರೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು, ಬ್ಯಾಂಕಿನಿಂದ ನಿವೃತ್ತರಾದ ಮತ್ತೊಬ್ಬರು, ನಾಲ್ಕಾರು ಕಾಲೇಜು ಮಕ್ಕಳು, ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ. ಗ್ರಂಥಾಲಯದ ಮೇಲ್ವಿಚಾರಕರಿಗೆ ಇನ್ನೂ ಎರಡು ಕಡೆಯ ಪ್ರಭಾರ ಇದೆ. ಅವರು ಮೂರೂ ಊರುಗಳಲ್ಲಿ 'ಈಗ ತಾನೇ ಹೋದರು' ಎನಿಸಿಕೊಳ್ಳುವ ಪುಣ್ಯಾತ್ಮರು. ಒಳ್ಳೆಯವರೇ. ಪುಸ್ತಕ ಕಳೆದರೆ ತಮ್ಮ ತಲೆಗೆ ಬರುತ್ತದೆಂಬ ಭಯದಿಂದ ಒಳ್ಳೊಳ್ಳೆಯ ಪುಸ್ತಕಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಅಷ್ಟೆ. ಗಾಜಿನ ಬಾಗಿಲಿನಿಂದ ಹೆಸರುಗಳನ್ನು ಓದಬಹುದು. ಪುಸ್ತಕದ ಹೆಸರು ಓದುವ ಹವ್ಯಾಸ ನಮ್ಮೂರಲ್ಲಿ ಚೆನ್ನಾಗಿ ಬೆಳೆದಿದೆ.

ಹೊಲಿಗೆ ಅಂಗಡಿಯ ಅಕ್ಕನ ವಿಷಯ ತಮಗೆ ಹೇಳಲೇಬೇಕು. ಬೆನ್ನು ಕಿತ್ತ ಕಾದಂಬರಿಗಳನ್ನು ಅವರು ಅಂಗಡಿಗೆ ಒಯ್ಯುತ್ತಾರೆ. ಹಾಳೆಗಳ ಅಂಚಿಗೆ ದಬ್ಬಳದಿಂದ ತೂತು ಮಾಡಿ, ಮೇಣ ಸವರಿದ ದಾರದಿಂದ ಹೊಲಿದು, ರವಿಕೆಯಲ್ಲಿ ಮಿಕ್ಕ ಲೈನಿಂಗ್ ಬಟ್ಟೆಯನ್ನು ಮೈದಾ ಅಂಟಿನಿಂದ ಬೆನ್ನಿಗೆ ಹಚ್ಚಿ ಕಳಿಸುತ್ತಾರೆ. ಅಂಟಿಗೆ ಒಂದಿಷ್ಟು ಮೈಲುತುತ್ತ ಬೆರೆಸುವುದನ್ನು ಮರೆಯುವುದಿಲ್ಲ, ಇಲ್ಲವಾದರೆ ಮೈದಾ ತಿನ್ನಲು ಬಂದ ಹುಳು ಪುಸ್ತಕವನ್ನೂ ಮುಗಿಸಿ ಹೋಗುತ್ತದೆ. ಯಾವ ಕಾದಂಬರಿಯ ಬೆನ್ನ ಮೇಲೆ ಯಾರ ಮನೆ ಮದುವೆಯ ರವಿಕೆ ಬಟ್ಟೆ ಇದೆ ಎಂದು ಊರ ಹೆಂಗಸರು ದೂರದಿಂದಲೇ ಗುರುತಿಸುತ್ತಾರೆ. 'ನಮ್ಮ ಶಾರದೆಯ ನಿಶ್ಚಿತಾರ್ಥದ ನೀಲಿ ಎಲ್ಲಿದೆ?' ಎಂದು ಕೇಳಿ ಪುಸ್ತಕ ಪಡೆಯುವವರೂ ಇದ್ದಾರೆ. ವರ್ಗೀಕರಣ ಶಾಸ್ತ್ರದ ಯಾವ ಪಂಡಿತರಿಗೂ ಇದು ಹೊಳೆದಿರಲಾರದು.

ಶನಿವಾರ ಮಕ್ಕಳಿಗೆ ಕಥೆ. ಇಲ್ಲೊಂದು ತೊಡಕಿದೆ. ಗ್ರಂಥಾಲಯಕ್ಕೆ ಇರುವುದು ಒಂದೇ ಹಾಲು. ಅದರಲ್ಲಿ ಬೆಳಗಿನಿಂದ ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ತಂತಮ್ಮ ಪುಸ್ತಕ, ನೀರಿನ ಬಾಟಲಿ ತಂದು ಕುರ್ಚಿ ಹಿಡಿದಿರುತ್ತಾರೆ. ಮನೆಯಲ್ಲಿ ಟಿವಿ, ತೋಟದಲ್ಲಿ ಕೆಲಸ, ಬೇರೆಲ್ಲಿ ಹೋಗಬೇಕು ಅವರು? ಅವರಿಗೆ ಬೇಕಾದದ್ದು ಗ್ರಂಥಾಲಯದ ಪುಸ್ತಕವಲ್ಲ, ಗ್ರಂಥಾಲಯದ ನಿಶ್ಶಬ್ದ. ಮಕ್ಕಳಿಗೋ, ಹುಲಿ ಗರ್ಜಿಸದಿದ್ದರೆ ಕಥೆಯೇ ಅಲ್ಲ. ಕೊನೆಗೆ ರಾಜಿಯಾಗಿ, ನಮ್ಮ ಗ್ರಂಥಾಲಯದ ಹುಲಿ ಪಿಸುಗುಟ್ಟುವುದೆಂದು ತೀರ್ಮಾನವಾಯಿತು. ಪುಣ್ಯಕೋಟಿಯ ದಿನ ಹೆಡ್‌ಮಾಸ್ಟರು ಹುಲಿಯಾಗಿ ತಗ್ಗಿದ ದನಿಯಲ್ಲಿ ಹಸಿವು ಹೇಳಿಕೊಂಡರೆ, ಹಸುವಾದ ಹುಡುಗಿ ಕಿವಿಗೆ ಕೈಯಿಟ್ಟು 'ಕೇಳಿಸ್ಲಿಲ್ಲ ಸಾರ್, ಜೋರಾಗಿ ಹೇಳಿ' ಅಂದಳು. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಹುಡುಗನಿಗೆ ತಡೆಯಲಾಗಲಿಲ್ಲ. ಪುಸ್ತಕ ಮಡಚಿಟ್ಟು, ಮಕ್ಕಳನ್ನೆಲ್ಲ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ, ಕೆಳಗಿನ ಗೊಬ್ಬರದ ಅಂಗಡಿಯವರು ಹೊರಗೆ ಬಂದು ನೋಡುವಂತೆ ಗರ್ಜಿಸಿ ತೋರಿಸಿದ. ಈಗ ಹುಲಿಯ ಪಾತ್ರ ಅವನದೇ, ಕಥೆಯ ಜಾಗ ಮೆಟ್ಟಿಲೇ. ಮಳೆ ಬಂದರೆ ಒಳಗೂ ಸೋರುತ್ತದೆಯಾದ್ದರಿಂದ ಮೆಟ್ಟಿಲಿನಲ್ಲಿ ಹೆಚ್ಚಿನ ನಷ್ಟವೇನಿಲ್ಲ.

ಇನ್ನು ನಮ್ಮ ಸಮಾರಂಭಗಳು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ. ಎಸ್.ಆರ್. ರಂಗನಾಥನ್ ಅವರ ಪಟಕ್ಕೆ ಹಾರ ಬೀಳುತ್ತದೆ. ತಮಿಳುನಾಡಿನಲ್ಲಿ ಹುಟ್ಟಿದರೂ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡ ಆ ದೊಡ್ಡ ಮನುಷ್ಯ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿಕೊಟ್ಟಿದ್ದರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಮೊದಲನೆಯದು. ಆ ಪಟವನ್ನು ನಾವು ತೂಗುಹಾಕಿರುವುದು ಬೀಗ ಹಾಕಿದ ಬೀರುವಿನ ಮೇಲೆ. ಓದುಗರ ಸಮಯ ಉಳಿಸಬೇಕು ಎಂಬುದು ನಾಲ್ಕನೆಯದು. ಕಳೆದ ಸಪ್ತಾಹದಲ್ಲಿ ಉದ್ಘಾಟಕರು ಈ ನಾಲ್ಕನೆಯ ಸೂತ್ರದ ಮೇಲೆ ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೆ ಮಾತಾಡಿದರು.

ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲಿ ಆದೇಶವಾಯಿತಲ್ಲ, ಅಂದಿನಿಂದ ನಮ್ಮಲ್ಲೂ ಅತಿಥಿಗಳಿಗೆ ಪುಸ್ತಕವೇ. ಕೊಳ್ಳಲು ದುಡ್ಡಿಲ್ಲದ್ದರಿಂದ ಒಂದೇ ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಡುತ್ತೇವೆ. ಅತಿಥಿಗಳು ಅದನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡು, ಹೋಗುವಾಗ ಕುರ್ಚಿಯ ಮೇಲೆ ಬಿಟ್ಟು ಹೋಗುತ್ತಾರೆ. ಕಾಗದ ಹರಿಯದಂತೆ ಎತ್ತಿಟ್ಟರೆ ಮುಂದಿನ ಕಾರ್ಯಕ್ರಮಕ್ಕೆ ಸಿದ್ಧ. ನಮ್ಮ ಗ್ರಂಥಾಲಯದಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ ಪುಸ್ತಕ ಅದೇ. ಅದರೊಳಗೆ ಏನಿದೆ ಎಂದು ಮಾತ್ರ ಯಾರಿಗೂ ತಿಳಿಯದು.

ದಾನಿಗಳಿಗೂ ಕೊರತೆಯಿಲ್ಲ. ಪುಸ್ತಕ ದಾನ ಮಾಡಿ ಎಂದು ನಾವು ಆಟೋದಲ್ಲಿ ಕೂಗಿಸಿದ ವಾರವೇ ಚೀಲ ಚೀಲ ಬಂತು: ಹಳೇ ಪಠ್ಯಕ್ರಮದ ಗೈಡುಗಳು, ಯಾವುದೋ ಪಂಪ್‌ಸೆಟ್ಟಿನ ಕಂಪನಿಯ ಡೈರಿಗಳು, ಮಗ ಎಂಜಿನಿಯರಿಂಗ್ ಬಿಟ್ಟ ಸಿಟ್ಟಿನಲ್ಲಿ ಅಪ್ಪ ಕಳಿಸಿದ ಅವನ ಅಷ್ಟೂ ಪುಸ್ತಕ. ಮಳಿಗೆಯ ಮಾಲೀಕರೊಬ್ಬರು ಸೀಲಿಂಗ್ ಫ್ಯಾನು ಕೊಟ್ಟರು, ಮೂರು ರೆಕ್ಕೆಯ ಮೇಲೂ ತಮ್ಮ ಅಪ್ಪನ ಹೆಸರು ಬರೆಸಿ. ತಿರುಗುವಾಗ ಹೆಸರು ಕಾಣುವುದಿಲ್ಲವೆಂದು ಅವರಿಗೆ ಬೇಸರ. ಕರೆಂಟು ಹೋದಾಗ ಸ್ಪಷ್ಟವಾಗಿ ಕಾಣುತ್ತದೆ ಎಂದು ಸಮಾಧಾನ ಹೇಳಿದ್ದೇವೆ. ಎಲ್ಲರನ್ನೂ ನೋಡಿ ನಗಬಾರದು, ಬಿಡಿ. ನಿವೃತ್ತ ಕಂಡಕ್ಟರೊಬ್ಬರು ಒಂದು ಮಕ್ಕಳ ಮಾಸಿಕಕ್ಕೆ ಇಡೀ ವರ್ಷದ ಚಂದಾ ಕಟ್ಟಿದ್ದಾರೆ, ಹೆಸರು ಎಲ್ಲಿಯೂ ಹಾಕಬೇಡಿ ಎಂದಿದ್ದಾರೆ. ಆ ಮಾಸಿಕ ಬಂದ ದಿನ ಮಕ್ಕಳು ಚಪ್ಪಲಿ ಎಲ್ಲಿ ಬಿಟ್ಟೆವೆಂದು ಮರೆಯುತ್ತಾರೆ.

ಇದನ್ನೆಲ್ಲ ನೋಡಿ ಹೋಗಲು ಮೇಲಿನಿಂದ ಸಾಹೇಬರೊಬ್ಬರು ಬಂದಿದ್ದರು. ರವಿಕೆ ಬಟ್ಟೆಯ ಬೈಂಡಿಂಗ್ ಮುಟ್ಟಿ ನೋಡಿ ಕಣ್ಣೊರೆಸಿಕೊಂಡರು. 'ಸಮುದಾಯ ಸಹಭಾಗಿತ್ವ ಅಂದ್ರೆ ಇದು! ನಿಮ್ಮಂಥವರಿದ್ದರೆ ಸರ್ಕಾರದ ಅವಶ್ಯಕತೆಯೇ ಇಲ್ಲ' ಎಂದು ಮೈಕಿನಲ್ಲಿ ಘೋಷಿಸಿದರು. ನಾವು ಚಪ್ಪಾಳೆ ಹೊಡೆದೆವು. ತಿಂಗಳಾದ ಮೇಲೆ ಸೋರುವ ಸೂರಿನ ದುರಸ್ತಿಗೆ ಕೊಟ್ಟಿದ್ದ ಅರ್ಜಿ ಹಿಂದಕ್ಕೆ ಬಂತು. ಸ್ಥಳೀಯ ಸ್ವಯಂಸೇವಕರ ನೆರವಿನಿಂದ ಕೈಗೊಳ್ಳಬಹುದು ಎಂದು ಷರಾ. ಚಪ್ಪಾಳೆ ಅಷ್ಟು ಜೋರಾಗಿ ಹೊಡೆಯಬಾರದಿತ್ತು ಎಂದು ಹೆಡ್‌ಮಾಸ್ಟರು ಈಗಲೂ ಹೇಳುತ್ತಿರುತ್ತಾರೆ.

ಪಕ್ಕದ ಹಳ್ಳಿಯ ವೈಭವ ನೋಡಿದರಂತೂ ಹೊಟ್ಟೆ ಉರಿಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಮರುವರ್ಷ 'ಓದುವ ಬೆಳಕು' ಅಭಿಯಾನ ಬಂದು ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು. ಈಗ 'ಅರಿವು ಕೇಂದ್ರ' ಎಂಬ ಹೊಸ ಬೋರ್ಡು, ಗೋಡೆಗೆ ಬಣ್ಣ, ಕಂಪ್ಯೂಟರು, ಚೆಸ್ಸು, ಕೇರಂ. ಅಲ್ಲಿಯ ಮೇಲ್ವಿಚಾರಕರ ಗೌರವಧನದ ಗೋಳು ಬೇರೆಯೇ ಇದೆ, ಅದಕ್ಕೆ ಇನ್ನೊಂದು ಪತ್ರ ಬೇಕು. ಆದರೆ ಮಕ್ಕಳಿಗೆ ಪುಸ್ತಕ ಕೈಗೆ ಸಿಗುತ್ತದೆ. ನಮ್ಮಲ್ಲಿ ಸದಸ್ಯತ್ವಕ್ಕೆ ಠೇವಣಿ, ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ಸಹಿ. 'ಅಂಕಲ್, ನಾವೂ ಹಳ್ಳಿಯವರಾಗೋದು ಹೇಗೆ?' ಎಂದು ಪೇಟೆಯ ಹುಡುಗ ಕೇಳುತ್ತಾನೆ. ಪುರಸಭೆಯೆಂದು ಬಡ್ತಿ ಸಿಕ್ಕಾಗ ಪಟಾಕಿ ಹೊಡೆದವರು ಉತ್ತರ ಹೇಳಲಿ.

ಆರು ಪೈಸೆಯವರೇ, ನಮಗೆ ದುಡಿಯಲು ಬೇಸರವಿಲ್ಲ. ಕಥೆ ಹೇಳುವುದು, ಹರಿದದ್ದು ಹೊಲಿಯುವುದು, ಓದಲು ಬಾರದ ಅಜ್ಜಿಗೆ ಪಿಂಚಣಿಯ ಕಾಗದ ಓದಿ ಹೇಳುವುದು, ಕನ್ನಡ ತಡವರಿಸುವ ಮಗುವಿನ ಪಕ್ಕ ಕೂತು ಗಟ್ಟಿಯಾಗಿ ಓದಿಸುವುದು ನಮ್ಮಂಥವರೇ ಮಾಡಬೇಕಾದ ಕೆಲಸ, ಸಂಬಳ ಕೊಟ್ಟು ಮಾಡಿಸಿದರೆ ಆಗುವುದಲ್ಲ. ಆದರೆ ಸೂರು, ಬಲ್ಬು, ಪೇಪರ್ ಬಿಲ್ಲು, ಪೂರ್ಣಾವಧಿಗೆ ಒಬ್ಬ ಗ್ರಂಥಪಾಲಕ ನಮ್ಮ ಕೆಲಸವಲ್ಲ, ತಮ್ಮದು. ಅದಕ್ಕೆ ನಾವು ಒಮ್ಮೆ ಕೌಂಟರಿನಲ್ಲಿ ದುಡ್ಡು ಕಟ್ಟಿಯಾಗಿದೆ. ಅದೇ ಸಾಮಾನಿಗೆ ಮತ್ತೊಮ್ಮೆ ಬೆವರಿನಲ್ಲಿ ಕಟ್ಟಿಸಿಕೊಂಡು, ಮೇಲೆ ಶಾಲು ಹೊದಿಸಿ ಸನ್ಮಾನ ಮಾಡುವ ವ್ಯವಹಾರಕ್ಕೆ ಊರಿನ ಕಿರಾಣಿ ಅಂಗಡಿಯಲ್ಲಿ ಬೇರೆ ಹೆಸರಿದೆ.

ಏಪ್ರಿಲ್ ಬಂದರೆ ಕಂದಾಯಕ್ಕೆ ಶೇ 5ರ ರಿಯಾಯಿತಿ. ನಾವು ಮತ್ತೆ ಸಾಲಿನಲ್ಲಿ ನಿಂತು ಕಟ್ಟುತ್ತೇವೆ, ತಮ್ಮ ತಮ್ಮಂದಿರೂ ಕೌಂಟರಿನ ಆಚೆಗೆ ಹೋಗುತ್ತಾರೆ. ಈ ಸಲವಾದರೂ ದಾರಿ ತಪ್ಪದಂತೆ ವಿವರ ಬರೆದುಕೊಳ್ಳಿ. ಪುರಸಭೆಯ ಗೇಟು ದಾಟಿ ಎಡಕ್ಕೆ ತಿರುಗಿ. ಗೊಬ್ಬರದ ಅಂಗಡಿಯ ಮೇಲೆ ಮೊದಲನೆಯ ಮಹಡಿ. ಬೋರ್ಡಿನಲ್ಲಿ ಅರ್ಧ ಅಕ್ಷರ ಉದುರಿರುವುದರಿಂದ ಬೋರ್ಡು ನೋಡಬೇಡಿ, ಮೆಟ್ಟಿಲ ಮೇಲೆ ಹುಲಿ ಕೂಗುವುದನ್ನು ಕೇಳಿಸಿಕೊಂಡು ಹತ್ತಿ. ಸೋಮವಾರ ಬರಬೇಡಿ, ರಜೆ. ಎರಡನೇ ಮಂಗಳವಾರವೂ ಬೇಡ.

ಇತಿ ತಮ್ಮ ದಾರಿ ಕಾಯುತ್ತಿರುವ,
ಒಬ್ಬ ಕಂದಾಯದಾರ ಹಾಗೂ ಸ್ವಯಂಸೇವಕ

ತಾ.ಕ.: ಒಬ್ಬರೇ ಬರಲು ಸಂಕೋಚವಾದರೆ ಹಿಂದಿನ ವರ್ಷಗಳ ಬಾಕಿಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಕೂರಲು ಕುರ್ಚಿ ಸಾಲದು, ಅದನ್ನೂ ತಾವೇ ತರಬೇಕು.